ಮೀಟರ್ ಹೇಳಿದ ಸುಳ್ಳು

"ಕೈ ತೆಗೀರಿ ಮೊದಲು."

ಬಾಗಿಲಲ್ಲೇ ನಿಂತು ಅವಳು ಹಾಗೆ ಹೇಳಿದಾಗ ಆ ಅಪರಿಚಿತನ ತೋರುಬೆರಳು ಅವಳ ಗಿಡಗಳ ಟ್ಯಾಂಕಿನೊಳಗಿತ್ತು. ಹೊರಬಂದ ಬೆರಳು ನೇರವಾಗಿ ಅವನ ನಾಲಿಗೆಗೆ ಹೋಯಿತು.

"ಉಪ್ಪು ಜಾಸ್ತಿ," ಎಂದ ಅವನು.

"ಅದು ಗೊಬ್ಬರದ ನೀರು ರೀ, ರುಚಿ ನೋಡೋಕಲ್ಲ. ಯಾರು ನೀವು?"

"ಕೆಳಗೆ ಹೊಸದಾಗಿ ಸೇರಿರೋ ಅಡುಗೆಯವನು. ಪಾತ್ರೆ ಇಡೋಕೆ ಜಾಗ ಬೇಕಿತ್ತು. ಈ ರೂಮ್ ನೋಡೋಣ ಅಂತ ಬಂದೆ."

ಅವಳು ಟ್ಯಾಂಕಿಗೆ ಅಡ್ಡವಾಗಿ ಬಂದು ನಿಂತಳು.

ಹೋಟೆಲು ಚಿಕ್ಕಮ್ಮನದು. ಮೇಲಿನ ಈ ಕೋಣೆಯನ್ನು ಮೂರು ತಿಂಗಳ ಮಟ್ಟಿಗೆ ಅವಳಿಗೆ ಬಿಟ್ಟುಕೊಟ್ಟಿದ್ದರು. ಮಣ್ಣಿಲ್ಲ, ಬಿಸಿಲಿಲ್ಲ. ಪೈಪಿನಲ್ಲಿ ಹರಿಯುವ ನೀರು, ಮೇಲೆ ಉದ್ದನೆಯ ದೀಪಗಳು, ನಡುವೆ ನಲವತ್ತು ಲೆಟಿಸ್ ಸೊಪ್ಪಿನ ಗಿಡ. ಈ ಮೂರನೆಯ ತಿಂಗಳ ಕೊನೆಯೊಳಗೆ ತಟ್ಟೆಗೆ ಹಾಕುವಂಥ ಎಲೆ ಬರದಿದ್ದರೆ ಕೋಣೆ ವಾಪಸ್. ಇದ್ದ ಕೆಲಸ ಬಿಟ್ಟು ಇದನ್ನು ಹಿಡಿದಿದ್ದಳು ಅವಳು. ಇನ್ನು ಉಳಿದದ್ದು ಹದಿನೆಂಟೇ ದಿನ!

"ಈ ರೂಮ್ ಖಾಲಿ ಆಗಲ್ಲ," ಎಂದಳು.

"ಆಗದೇ ಇರಲಿ ಬಿಡಿ," ಎಂದು ನಕ್ಕು ಇಳಿದುಹೋದ. ನಗು ಚೆನ್ನಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮರುದಿನವೂ ಬಂದ, ಅದರ ಮರುದಿನವೂ. ಒಮ್ಮೆ ಅಲುಗಾಡುವ ಪೈಪಿಗೆ ಕಟ್ಟಲು ದಾರ ತಂದ. ಒಮ್ಮೆ ಬರಿಗೈಲಿ ಬಂದು, "ನಿಮ್ಮ ಮಕ್ಕಳು ಹೇಗಿದಾರೆ?" ಎಂದು ಗಿಡಗಳನ್ನು ವಿಚಾರಿಸಿದ. ಅವಳು ಮುಖ ಗಂಟಿಕ್ಕಿಕೊಂಡೇ ಉತ್ತರಿಸುತ್ತಿದ್ದಳು. ಆದರೂ ಸಂಜೆಯಾದರೆ ಕಿವಿಯೆಲ್ಲ ಮೆಟ್ಟಿಲ ಕಡೆಗೇ.

'ಏನಾಗಿದೆ ನನಗೆ...' ಎಂದು ತನ್ನನ್ನೇ ಗದರಿಕೊಂಡಳು.

ನಾಲ್ಕನೆಯ ದಿನ ಎಲೆಗಳ ಅಂಚು ಸುಟ್ಟಂತೆ ಕಂದಾಗಿತ್ತು.

ನೀರಿನಲ್ಲಿರುವ ಗೊಬ್ಬರದ ಉಪ್ಪನ್ನು ಅಳೆಯುವ ಮೀಟರನ್ನು ಅದ್ದಿದಳು. ಗೊಬ್ಬರ ಕಡಿಮೆ ಎಂದಿತು, ಎಂದಿನಂತೆ. ದಿನವೂ ಅದು ಹಾಗೆಂದಾಗಲೆಲ್ಲ ಅವಳು ಇನ್ನೊಂದು ಅಳತೆ ಹಾಕುತ್ತಲೇ ಬಂದಿದ್ದಳು. ಹಾಗಾದರೆ ತಪ್ಪು ಎಲ್ಲಿ? ಟ್ಯಾಂಕಿಗೆ ಕೈ ಹಾಕಿದವನು ಅವನೊಬ್ಬನೇ... ಜಾಗ ಬೇಕಾದವನೂ ಅವನೇ!

"ಏನು ಹಾಕಿದ್ರಿ ನೀರಿಗೆ?" ಅವನು ಒಳಗೆ ಕಾಲಿಡುತ್ತಲೇ ಕೇಳಿದಳು.

"ನಾನಾ? ಏನೂ ಇಲ್ಲ."

"ಪಾತ್ರೆ ಇಡೋಕೆ ರೂಮ್ ಬೇಕು ಅಂದವರು ನೀವೇ ತಾನೆ?"

ಅವನ ಮುಖ ಸಪ್ಪಗಾಯಿತು. "ನಾಳೆಯಿಂದ ಬರಲ್ಲ," ಎಂದ. "ಆದ್ರೆ ನೀರು ಉಪ್ಪಾಗಿರೋದು ನಿಜ ರೀ. ಹತ್ತು ವರ್ಷದಿಂದ ಉಪ್ಪು ನೋಡ್ತಾ ಇರೋ ನಾಲಿಗೆ ಇದು."

ಹೇಳಿದಂತೆಯೇ ಮರುದಿನ ಬರಲಿಲ್ಲ. ಕೋಣೆ ಬಿಕೋ ಎನ್ನುತ್ತಿತ್ತು. ಅವನ ಮಾತು ಮಾತ್ರ ಕಿವಿ ಬಿಡಲಿಲ್ಲ.

ಕೊನೆಗೆ ಮೀಟರಿನ ಡಬ್ಬಿ ಹುಡುಕಿ ತೆಗೆದಳು. ತಳದಲ್ಲಿ ಒಂದು ಪುಟ್ಟ ಪೊಟ್ಟಣ, ಒಡೆಯದೇ ಬಿದ್ದಿತ್ತು. ಮೀಟರ್ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸುವ ದ್ರಾವಣ ಅದು. ಹೊಸ ಮೀಟರಿಗೆ ಅದೆಲ್ಲ ಯಾಕೆ ಎಂದು ಅಂದು ಬದಿಗಿಟ್ಟಿದ್ದಳು.

ಒಡೆದು ಅದ್ದಿ ನೋಡಿದಳು. ಪೊಟ್ಟಣದ ಮೇಲೆ ಬರೆದಿದ್ದ ಅಂಕಿಯ ಅರ್ಧವನ್ನಷ್ಟೇ ಮೀಟರ್ ತೋರಿಸಿತು!

ಅಯ್ಯೋ... ಅಷ್ಟು ದಿನ ಎರಡು ಪಟ್ಟು ಗೊಬ್ಬರ ಸುರಿದವಳು ತಾನೇ. ಅವನ ಮೇಲೆ ಗೂಬೆ ಕೂರಿಸಿದ್ದಳು.

ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಓಡಿದಳು. ಅವನು ಈರುಳ್ಳಿ ಹೆಚ್ಚುತ್ತಿದ್ದ.

"ನನ್ನ ಮೀಟರ್ ಕೆಟ್ಟಿದೆ. ನಿಮಗೆ ಏನೇನೋ ಅಂದುಬಿಟ್ಟೆ. ತಪ್ಪಾಯ್ತು." ಅವಳ ಕಣ್ಣು ತುಂಬಿತ್ತು.

"ಈರುಳ್ಳಿಗೆ ಅಳ್ತಿದೀರೋ, ಗಿಡಕ್ಕೋ?"

"ನಿಮಗೆ," ಎಂಬ ಮಾತು ಬಾಯಿಂದ ಜಾರಿಹೋಯಿತು. ಕೆನ್ನೆ ಬಿಸಿಯಾಯಿತು.

ಅವನು ಚಾಕು ಕೆಳಗಿಟ್ಟ. ಆಮೇಲೆ ಕೈ ಒರೆಸಿಕೊಂಡು ಎರಡು ಬಕೆಟ್ ಎತ್ತಿಕೊಂಡ. "ನಡೀರಿ, ಟ್ಯಾಂಕ್ ಖಾಲಿ ಮಾಡೋಣ."

ಇಬ್ಬರೂ ಸೇರಿ ಹಳೆಯ ನೀರು ಚೆಲ್ಲಿದರು, ಬೇರುಗಳನ್ನು ತೊಳೆದರು, ಪೊಟ್ಟಣದ ದ್ರಾವಣಕ್ಕೆ ಹೊಂದಿಸಿ ಮೀಟರ್ ಸರಿಮಾಡಿ ಹೊಸ ನೀರಿಗೆ ಹದವಾಗಿ ಗೊಬ್ಬರ ಬೆರೆಸಿದರು. ನೆಲವೂ ಅವರ ಬಟ್ಟೆಯೂ ತೊಯ್ದು ತೊಪ್ಪೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಗಿಡಗಳ ನಡುವಿನಿಂದ ತಿಳಿಹಸಿರು ಎಲೆ ಮೂಡಿತು.

ತಿಂಗಳ ಕೊನೆಯ ದಿನ ಚಿಕ್ಕಮ್ಮ ಮೇಲೆ ಬಂದು ಒಂದು ಎಲೆ ಮುರಿದು ಬಾಯಿಗಿಟ್ಟರು. ಪೈಪು ತೊಳೆಯುತ್ತಿದ್ದ ಅವನೂ ಅಲ್ಲೇ ಇದ್ದ.

"ನಾಳೆಯಿಂದ ಕೆಳಗೆ ಕಳಿಸು," ಎಂದರು ಚಿಕ್ಕಮ್ಮ. "ರೂಮ್ ನಿಂದೇ."

"ಇವರ ಪಾತ್ರೆಗಳು?"

"ಇವನಾ? ಮೊದಲನೇ ದಿನವೇ ಕೆಳಗೆ ಬಂದು ರೂಮ್ ಬೇಡ ಅಂದ. ಮತ್ತೆ ದಿನಾ ಇಲ್ಲಿಗೆ ಯಾಕೆ ಬರ್ತಿದ್ದ ಅಂತ ನೀನೇ ಕೇಳು ಮಾರಾಯ್ತಿ." ಸೆರಗಿನ ಮರೆಯಲ್ಲಿ ನಗುತ್ತಾ ಇಳಿದುಹೋದರು.

ಅವಳು ಅವನ ಕಡೆ ತಿರುಗಿದಳು. "ಅವತ್ತು ನಾನು ಅಷ್ಟು ಬೈದಾಗ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ಮತ್ಯಾಕೆ ಬರ್ತೀರಾ ಅಂತ ಕೇಳ್ತಿದ್ರಿ. ಅದಕ್ಕೆ ಉತ್ತರ ಹೇಳೋ ಧೈರ್ಯ ಇರ್ಲಿಲ್ಲ."

"ಈಗ ಕೇಳ್ತೀನಿ."

"ನಿಮ್ಮನ್ನ ನೋಡೋಕೆ," ಎಂದ ಅವನು ಮೆಲ್ಲಗೆ. "ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ."

ಇಷ್ಟು ಸಂತೋಷವನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ. ಅವನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾಳೆನೂ ಬರ್ಲಾ?" ಎಂದು ಕೇಳಿದ.

"ಇವತ್ತು ಹೋಗಿ ಅಂತ ಯಾರು ಹೇಳಿದ್ರು?"