ಎರಡು ಪಟ್ಟು ವೇಗದ ವೆಂಡೆಲ್

ಓದೋದು ಹೇಗೆ ಅಂತ ಹೇಳಿಕೊಡೋ ಕೋರ್ಸಂತೆ! ಥೂ. ಹತ್ತೊಂಬತ್ತು ವರ್ಷದ ಹುಡುಗಿಗೆ ನಡೆಯೋದು ಹೇಗೆ ಅಂತ ಹೇಳಿಕೊಟ್ಟ ಹಾಗೆ.

ಕೆಮಿಸ್ಟ್ರಿಯಲ್ಲಿ ಮುಗ್ಗರಿಸಿದೆ, ಗಣಿತದಲ್ಲಿ ಪೂರ್ತಿ ಮಲಗಿದೆ, ಅದಕ್ಕೆ ಕಾಲೇಜಿನವರು ಕೊಟ್ಟ ಶಿಕ್ಷೆ ಅದು. ಪಾಠಗಳೆಲ್ಲ ಕಂಪ್ಯೂಟರಿನಲ್ಲಿ. ಯಾವಾಗ ಬೇಕಾದರೂ, ಎಷ್ಟು ನಿಧಾನವಾಗಿ ಬೇಕಾದರೂ ನೋಡಬಹುದು. ಎಲ್ಲ ಮುಗಿದ ಮೇಲೆ ಒಬ್ಬ ಟ್ಯೂಟರ್ ಎದುರು ಕೂತು, ಕಲಿತದ್ದನ್ನು ಬಾಯಿಬಿಟ್ಟು ಹೇಳಬೇಕು. ಅವರು ಹೂಂ ಅಂದರೆ ಕಾಲೇಜಿನಲ್ಲಿ ಉಳಿದೆ. ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ. ಅಲ್ಲಿ ಅಪ್ಪ ದುಡಿಯೋ ಹಂದಿಮಾಂಸದ ಕಾರ್ಖಾನೆಯಲ್ಲಿ ನನಗೂ ಒಂದು ರಬ್ಬರ್ ಏಪ್ರನ್ ಕಾದಿತ್ತು. ನೆಬ್ರಾಸ್ಕಾದಲ್ಲಿ ನಮ್ಮಂಥವರಿಗೆ ಎರಡೇ ದಾರಿ, ಡಿಗ್ರಿ ಇಲ್ಲವೇ ಏಪ್ರನ್.

ಪಾಠವೋ, ದೇವರಿಗೇ ಪ್ರೀತಿ. ಪರದೆಯ ಮೇಲೆ ಕನ್ನಡಕ ಹಾಕಿಕೊಂಡ ಒಂದು ಗೂಬೆಯ ಚಿತ್ರ, ಹಿಂದಿನಿಂದ ಯಾರೋ ಗಂಡಸಿನ ಧ್ವನಿ. ಮುಖ್ಯವಾದದ್ದಕ್ಕೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೀರಿ. ನೀರು ಕುಡೀರಿ. ಆಹಾ, ಏನು ಜ್ಞಾನ! ಮೊದಲ ದಿನವೇ ವೇಗವನ್ನು ಎರಡು ಪಟ್ಟು ಮಾಡಿಬಿಟ್ಟೆ. ಕಾಲೇಜಿನ ಆ ದರಿದ್ರ ಪ್ಲೇಯರಿನಲ್ಲಿ ವೇಗ ಏರಿಸಿದರೆ ಧ್ವನಿಯೂ ಕೀಚಲಾಗುತ್ತಿತ್ತು. ಬಾಲ ತುಳಿಸಿಕೊಂಡ ಇಲಿ ಮಾತಾಡಿದ ಹಾಗೆ.

ಹಾಸ್ಟೆಲಿನ ನೆಟ್ ನಂಬೋ ಹಾಗಿರಲಿಲ್ಲ. ಹಾಗಾಗಿ ಲೈಬ್ರರಿಯ ನೆಲಮಾಳಿಗೆಯ ಟ್ಯೂಟರ್ ಕೋಣೆಗೆ ಹೋಗಿ ಕೂರುತ್ತಿದ್ದೆ. ವೆಂಡೆಲ್ ಸಿಕ್ಕಿದ್ದು ಅಲ್ಲೇ. ಎಂ.ಎ. ಮಾಡುತ್ತಾ ಅಲ್ಲಿ ಟ್ಯೂಟರ್ ಆಗಿದ್ದ. ಸ್ವೆಟರಿನ ಮೊಣಕೈ ಸವೆದು ಹೋಗಿತ್ತು. ಕಣ್ಣು ಮಾತ್ರ, ಹಾಳಾದ್ದು, ಮುಂಜಾನೆಯ ಜೋಳದ ಹೊಲದಷ್ಟು ಹಸಿರು.

"ಏನಾದ್ರೂ ಸಹಾಯ... ಬೇಕಾ?" ಅಂತ ಕೇಳಿದ. ಎರಡು ಪದದ ನಡುವೆ ಒಂದು ಹಸು ರಸ್ತೆ ದಾಟಬಹುದಿತ್ತು.

"ಬೇಡ. ನೀನು ಆ ವಾಕ್ಯ ಮುಗಿಸೋದ್ರೊಳಗೆ ನಾನು ಡಿಗ್ರಿ ಮುಗಿಸಿರ್ತೀನಿ."

ನಕ್ಕ. ನಗುವಾಗ ಮೊದಲು ಒಂದು ಕೆನ್ನೆ, ಆಮೇಲೆ ಇನ್ನೊಂದು ಕೆನ್ನೆ. ಅದೂ ನಿಧಾನವೇ! ನಾನು ಕಂಪ್ಯೂಟರಿನ ಕಡೆ ತಿರುಗಿದೆ. ಮತ್ತೆ ನೋಡಿದರೆ ಇನ್ನೂ ನಗುತ್ತಲೇ ಇದ್ದ.

ಆಮೇಲೆ ದಿನಾ ಹೋದೆ. ನೆಟ್‌ಗೋಸ್ಕರ ಅಂತ ನನಗೆ ನಾನೇ ಹೇಳಿಕೊಂಡೆ. ಅವನು ಮಾಂಸ, ಎಲೆಕೋಸು ತುಂಬಿದ ಬಿಸಿ ಬನ್ನು ತಂದು ಅರ್ಧ ಮುರಿದು ನನ್ನ ಮುಂದೆ ಇಡುತ್ತಿದ್ದ. ದೊಡ್ಡ ಅರ್ಧ ಯಾವಾಗಲೂ ನನಗೇ. ಒಂದು ದಿನ ಅಲ್ಲಿದ್ದವರ ಮುಂದೆಲ್ಲ ಆ ಇಲಿ ಧ್ವನಿಯ ಅಣಕ ಮಾಡಿ ತೋರಿಸಿದೆ. "ಗಮನವಿಟ್ಟು ಕೇಳೋದೂ ಒಂದು ಕಲೆ ಸ್ನೇಹಿತರೇ!" ಅಂತ ಕೀಚಿದೆ. ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು.

"ಈ ಮನುಷ್ಯನ್ನ ಕಟ್ಕೊಂಡವಳ ಗತಿ ಏನಪ್ಪಾ!" ಅಂದೆ.

ವೆಂಡೆಲ್‌ನ ಕಿವಿ ಕೆಂಪಾದವು. "ಯಾರೂ ಕಟ್ಕೊಂಡಿಲ್ಲ... ಅನ್ಸುತ್ತೆ," ಅಂದ.

ಪಾಪದ ಪ್ರಾಣಿ, ನನ್ನ ತಮಾಷೆಗೆ ನಾಚಿಕೊಂಡ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಕೊನೆಯ ಪಾಠದ ದಿನ ಯಂತ್ರ ಕೈಕೊಟ್ಟಿತು. ನಮ್ಮಂಥ ಕಳ್ಳರಿಗೋಸ್ಕರವೇ ಆ ಒಂದು ಪಾಠದ ವೇಗ ಏರಿಸೋಕೆ ಆಗದ ಹಾಗೆ ಬೀಗ ಹಾಕಿದ್ದರು. ಶಪಿಸುತ್ತಾ ಹೆಡ್‌ಫೋನ್ ಹಾಕಿಕೊಂಡೆ.

"ಗೊತ್ತಿಲ್ಲದೆ ಇರೋದು... ತಪ್ಪಲ್ಲ. ಗೊತ್ತಿಲ್ಲ ಅಂತ... ಇನ್ನೊಬ್ಬರ ಹತ್ರ ಹೇಳಿ."

ವೆಂಡೆಲ್‌ನ ಧ್ವನಿ! ಎರಡು ಪದದ ನಡುವೆ ಅದೇ ಹಸು! ಎರಡು ವಾರದಿಂದ ಅವನ ಬನ್ನು ತಿಂದು ಅವನನ್ನೇ ಇಲಿ ಅಂದಿದ್ದೆ, ಅದೂ ಮುಖದ ಮುಂದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಪಾಠ ಮುಗಿದ ಕೂಡಲೇ ಮತ್ತೆ ಮೊದಲಿಂದ ಹಾಕಿದೆ. ಆಮೇಲೆ ಇನ್ನೊಂದು ಸಲ. ಕಣ್ಣು ಮುಚ್ಚಿ ಕೇಳಿದೆ, ನಾಚಿಕೆಗೆಟ್ಟವಳು.

ಶುಕ್ರವಾರ ಬಾಯಿಮಾತಿನ ಪರೀಕ್ಷೆ. ವೆಂಡೆಲ್‌ಗೇ ಒಪ್ಪಿಸಬೇಕಿತ್ತು. ಮೊದಲು ಕ್ಷಮೆ ಕೇಳೋಣ ಅಂತ ಹೊರಟರೆ, ಬಾಗಿಲಲ್ಲೇ ತಡೆದ.

"ನಾನು ನಿನ್ನ ಪರೀಕ್ಷೆ ಮಾಡಲ್ಲ, ಡಾರ್ಲಾ. ಬ್ರಾಂಟ್ ಮೇಡಂ ಮಾಡ್ತಾರೆ."

ಓಟಿಲಿ ಬ್ರಾಂಟ್ ಆ ವಿಭಾಗದ ಮುಖ್ಯಸ್ಥೆ. ಹುಡುಗರನ್ನು ನಪಾಸು ಮಾಡಿದ ದಿನ ಊಟ ರುಚಿಸುತ್ತೆ ಅನ್ನೋ ಪೈಕಿ. ಮೈಯೆಲ್ಲ ಉರಿದುಹೋಯಿತು.

"ಓಹೋ, ಸೇಡು ತೀರಿಸ್ಕೋತಿದ್ದೀಯಾ? ಒಂದು ಅಣಕಕ್ಕೆ ನನ್ನ ಜೀವನವನ್ನೇ ಹಾಳು ಮಾಡ್ತೀಯಾ? ಎಂಥಾ ಸಣ್ಣ ಮನುಷ್ಯನೋ ನೀನು!"

"ಹಾಗಲ್ಲ... ಕೇಳು..."

"ಕೇಳಿದ್ದು ಸಾಕು!"

ಅವನ ವಾಕ್ಯ ಮುಗಿಯೋದರೊಳಗೆ ನಾನು ಮೇಡಂ ಕೋಣೆಯಲ್ಲಿದ್ದೆ.

"ವೆಂಡೆಲ್ ಬೆಳಿಗ್ಗೆಯೇ ಬಂದು ನಿನ್ನನ್ನ ನನಗೆ ಅಂಟಿಸಿ ಹೋದ," ಅಂದರು ಬ್ರಾಂಟ್, ವಿನೆಗರ್ ಕುಡಿದ ಮುಖ ಮಾಡಿಕೊಂಡು. "ಮನಸ್ಸಿನ ಸಂಬಂಧ ಇರೋರ ಪರೀಕ್ಷೆ ಟ್ಯೂಟರು ಮಾಡೋ ಹಾಗಿಲ್ಲ. ಇಲ್ಲಿನ ನಿಯಮ."

"ಯಾವ ಸಂಬಂಧ ಮೇಡಂ? ನಮ್ಮ ನಡುವೆ ಏನೂ ಇಲ್ಲ!"

"ನಿನ್ನ ಕಡೆಯಿಂದ ಇದೆಯೋ ಇಲ್ವೋ ತನಗೆ ಗೊತ್ತಿಲ್ಲ ಅಂದ. ತನ್ನ ಕಡೆಯಿಂದ ಇದೆಯಂತೆ." ಕನ್ನಡಕದ ಮೇಲಿಂದ ನೋಡಿದರು. "ಸರಿ, ಏನು ಕಲಿತೆ, ಹೇಳು."

ಬಣ್ಣದ ಪೆನ್ನು, ನೀರು, ಗೂಬೆ, ತಲೆಯಲ್ಲಿ ಒಂದೂ ನೆಟ್ಟಗೆ ನಿಲ್ಲಲಿಲ್ಲ. ಸುಳ್ಳು ಹೇಳಿದರೆ ಈ ಹೆಂಗಸು ಹಿಡಿದೇ ಹಿಡೀತಾಳೆ.

"ಕೊನೆಯ ಪಾಠ ಬಿಟ್ಟು ಬೇರೆ ಯಾವುದನ್ನೂ ನಾನು ಸರಿಯಾಗಿ ಕೇಳಿಲ್ಲ ಮೇಡಂ. ಕಸ ಅಂದುಕೊಂಡು ಓಡಿಸಿದೆ. ಗಣಿತದಲ್ಲೂ ಹಾಗೇ ಮಾಡಿದ್ದೆ. ಅರ್ಥ ಆಗಲಿಲ್ಲ ಅಂತ ಯಾರ ಹತ್ರಾನೂ ಹೇಳಲಿಲ್ಲ. ಪಾಠಾನೇ ದಂಡ ಅಂತ ಬೈಕೊಂಡು ಎದ್ದು ಬಂದೆ. ಬೈಯೋದು ಸುಲಭ. ಗೊತ್ತಿಲ್ಲ ಅನ್ನೋಕೆ ಸಂಕಟ ಆಗುತ್ತೆ." ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. "ನನಗೆ ಗಣಿತ ಗೊತ್ತಿಲ್ಲ ಮೇಡಂ. ಯಾರಾದ್ರೂ ಹೇಳಿಕೊಡಬೇಕು."

ಬ್ರಾಂಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಕೋರ್ಸು ಕಸ ಅಂತ ನನಗೂ ಗೊತ್ತು," ಅಂದರು. "ಆದರೂ ಇದು ಪಾಸಾಗೋ ಉತ್ತರ. ಸೋಮವಾರದಿಂದ ಗಣಿತಕ್ಕೆ ಬಾ, ನನ್ನ ಹತ್ರ. ಅವನ ಹತ್ರ ಅಲ್ಲ. ಅವನ ಹತ್ರ ಕೂತರೆ ನೀನು ಏನು ಕಲೀತೀಯ ಅಂತ ನನಗೆ ಗೊತ್ತು."

ಹೊರಗೆ ವೆಂಡೆಲ್ ಗೋಡೆಗೆ ಒರಗಿ ನಿಂತಿದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ.

"ಪಾಸಾ?"

"ಪಾಸು. ನಿನಗೆ ಮಾನ ಮರ್ಯಾದೆ ಇದೆಯೇನೋ? ಹುಡುಗಿಗೆ ಹೇಳೋಕ್ಕಿಂತ ಮುಂಚೆ ಆಫೀಸಿಗೆ ಹೋಗಿ ಹೇಳಿದ್ಯಲ್ಲ! ಈ ಭೂಮಿ ಮೇಲೆ ಯಾವ ಗಂಡಸಾದರೂ ಹೀಗೆ ಮಾಡ್ತಾನಾ?"

"ನಾನು ಸುಮ್ನೆ ಹೂಂ ಅಂದಿದ್ರೆ... ನಿನ್ನ ಪಾಸು ನಿನ್ನದಾಗ್ತಿರ್ಲಿಲ್ಲ."

"ಅದಿರಲಿ. ನನ್ನನ್ನ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ನಗ್ತಿದ್ದೆ."

"ಹೌದು, ನಗ್ತಿದ್ದೆ. ಕೋಣೆಗೆಲ್ಲ ಕೇಳೋ ಹಾಗೆ."

ಅವನು ತಲೆ ತಗ್ಗಿಸಿದ. ನನ್ನ ಕೊಬ್ಬೆಲ್ಲ ಆ ಹೊತ್ತಿಗೆ ಎಲ್ಲಿ ಹೋಯಿತೋ. ಸ್ವೆಟರಿನ ಸವೆದ ತೋಳನ್ನು ಹಿಡಿದು ಎಳೆದೆ.

"ಈಗ ಕೇಳು."

ಕೇಳಿದ. ಎಷ್ಟು ಹೊತ್ತು ತಗೊಂಡನೋ ದೇವರೇ ಬಲ್ಲ. ನಾನು ಕೊನೆಯ ಪದದವರೆಗೂ ಕಾದೆ. ನಗಲಿಲ್ಲ.