ಸಮುದ್ರ ಒಪ್ಪಿಸಬೇಕಾದವರು

ಅಣ್ಣ ಹಡಗಿನಲ್ಲಿ ಅಡುಗೆಯವನಾಗಿದ್ದ. ಹಡಗು ಮುಳುಗಿತು, ಹೆಣ ಸಿಗಲಿಲ್ಲ. ಕಣ್ಣು ಕಾಣದ ಅತ್ತಿಗೆಗೆ ಮಧ್ಯಾಹ್ನದ ಹೊತ್ತು ನಾನು ಬೈಬಲ್ ಓದಿ ಹೇಳುತ್ತಿದ್ದೆ. ಅವತ್ತು ಕೊನೆಯ ತೀರ್ಪಿನ ಭಾಗ ಬಂತು.

“ಗೋರಿಯೇ ಇಲ್ಲದವರನ್ನ ದೇವರು ಎಲ್ಲಿಂದ ಕರೀತಾನೋ?” ಎಂದರು ಅತ್ತಿಗೆ.

“ಸಮುದ್ರವೂ ತನ್ನಲ್ಲಿರೋ ಸತ್ತವರನ್ನ ಒಪ್ಪಿಸಬೇಕಂತೆ. ಆ ತೀರ್ಪಿನಿಂದ ಯಾರೂ ತಪ್ಪಿಸ್ಕೊಳ್ಳೋಕಾಗಲ್ಲ.”

“ಅಂದ್ರೆ, ಯಾರೂ ಕಳೆದುಹೋಗಲ್ಲ ಅನ್ನು.”

ಅವರ ಮುಖ ಅರಳಿತು. ಅಷ್ಟರಲ್ಲಿ ಕೋಣೆ ತಣ್ಣಗಾಯಿತು. ಎದುರಿನ ಖಾಲಿ ಕುರ್ಚಿ ಯಾರೋ ಕೂತಂತೆ ಕಿರುಗುಟ್ಟಿತು. ಅದರಿಂದ ನೆಲಕ್ಕೆ ನೀರು ತೊಟ್ಟಿಕ್ಕತೊಡಗಿತು.

“ನಿಲ್ಲಿಸ್ಬೇಡ, ಓದು. ಅವರು ಕೇಳ್ತಿದ್ದಾರೆ,” ಎಂದು ಅತ್ತಿಗೆ ಪಿಸುಗುಟ್ಟಿದರು.

ತಲೆಯೆತ್ತದೆ ಓದಿದೆ. ಮುಗಿದಾಗ ಕುರ್ಚಿಯ ದಿಂಬು ತೊಯ್ದುಹೋಗಿತ್ತು. ಬೆರಳಿಗೆ ಹತ್ತಿದ ನೀರು ಉಪ್ಪುಪ್ಪಾಗಿತ್ತು.

ಅತ್ತಿಗೆ ಈಗಿಲ್ಲ, ಮನೆಯಲ್ಲಿ ನಾನೊಬ್ಬನೇ. ಆ ದಿಂಬನ್ನು ಎಷ್ಟೋ ಬೇಸಿಗೆ ಬಿಸಿಲಿಗೆ ಹಾಕಿದ್ದೇನೆ. ಅದು ಇನ್ನೂ ಒಣಗಿಲ್ಲ.