ಇಲಿಗೆ ಹೇಳಬೇಕಾದ ಮಾತು

ಅವಳ ಅನುವಾದದ ಹಾಳೆ ಐದನೇ ಸಲ ವಾಪಸ್ ಬಂದಿತ್ತು. ಅಂಚಿನಲ್ಲಿ ಅದೇ ಪೆನ್ಸಿಲ್, ಅದೇ ಪ್ರಶ್ನೆ: ಈ ರೈತ ನಿಜವಾಗಿ ನೊಂದಿದ್ದಾನೆಯೇ?

ಪ್ರಕಾಶನದ ಕಚೇರಿಯಲ್ಲಿ ಕರಡು ತಿದ್ದುವವನಿಗೆ ಅವಳು ಇಟ್ಟ ಹೆಸರು ಕೊಕ್ಕೆ. ಪದ್ಯವೇನೋ ಚಿಕ್ಕದು. ನೇಗಿಲಿಗೆ ಸಿಕ್ಕಿ ಗೂಡು ಕಳೆದುಕೊಂಡ ಇಲಿಯ ಜೊತೆ ಸ್ಕಾಟ್ಲೆಂಡಿನ ರೈತನೊಬ್ಬ ಆಡುವ ಮಾತು. ಆದರೆ ಆ ಹಳೆಯ ಆಡುನುಡಿ ಕಬ್ಬಿಣದ ಕಡಲೆ. ಸಂಜೆ ಐದಕ್ಕೆ ಪುಸ್ತಕ ಅಚ್ಚಿಗೆ ಹೋಗಬೇಕು. ಕೊಕ್ಕೆ ಒಪ್ಪದಿದ್ದರೆ ಪದ್ಯವನ್ನೇ ಕೈಬಿಡುತ್ತೇನೆಂದು ಸಂಪಾದಕಿ ಹೇಳಿಯಾಗಿತ್ತು. ಮೂರು ತಿಂಗಳು ನಿಘಂಟು ತಿರುವಿದ್ದೆಲ್ಲ ನೀರಲ್ಲಿ ಹೋಮ.

ತಾಳ್ಮೆಗೆಟ್ಟು ಹೋಗಿ ಹಾಳೆಯನ್ನು ಅವನ ಮೇಜಿನ ಮೇಲೇ ಕುಕ್ಕಿದಳು. ಅವನು ತಲೆಯೆತ್ತಿ ನೋಡಿದ, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ. ಆ ನೋಟ ಕಂಡರೆ ಬೈಯಲು ತಂದ ಮಾತು ಮರೆತುಹೋಗುತ್ತಿತ್ತು. ಅದಕ್ಕೂ ಅವನ ಮೇಲೇ ಸಿಟ್ಟು.

ಮೊದಲನೇ ಪ್ರತಿಯನ್ನೇ ಅಚ್ಚಿಗೆ ಕಳಿಸುತ್ತೇನೆ, ಕೊಡಿ ಅಂದಳು. ಅದು ಕೆಳಗಿನ ಡ್ರಾಯರಿನಲ್ಲಿದೆ, ಈಗ ತೆಗೆಯುವುದು ಬೇಡ ಅಂದ. ಅವಳೇ ಬಗ್ಗಿ ಡ್ರಾಯರನ್ನು ಬಲವಾಗಿ ಎಳೆದಳು.

ಕಾಗದದ ಚೂರುಗಳ ಗೂಡೊಂದು ಹರಿದು ಎರಡಾಯಿತು. ಹೆಬ್ಬೆರಳಿನಷ್ಟು ಇಲಿಯೊಂದು ಮೂಲೆಗೊತ್ತಿಕೊಂಡು ನಡುಗುತ್ತಿತ್ತು.

"ಅಯ್ಯೋ, ನಿನ್ನ ಮನೆ ಮುರಿದುಬಿಟ್ನಲ್ಲೇ." ಅವಳು ನೆಲಕ್ಕೆ ಕೂತೇಬಿಟ್ಟಳು. "ಹೆದರ್ಬೇಡ ಕಣೇ. ಬೇಕಂತ ಮಾಡಿದ್ದಲ್ಲ."

ಪೆನ್ಸಿಲ್ಲಿನ ಸದ್ದಿಗೆ ತಿರುಗಿದಳು. ಅವನು ಅವಳ ಮಾತನ್ನೇ ಹಾಳೆಯ ಅಂಚಿನಲ್ಲಿ ಬರೆಯುತ್ತಿದ್ದ. ನಿಘಂಟಿನಲ್ಲಿ ಎಲ್ಲೂ ಸಿಗದ ರೈತ ಅಲ್ಲಿದ್ದ. "ಕ್ಷಮಿಸು, ಓ ಮೂಷಿಕವೇ" ಎಂಬ ತನ್ನ ಸಾಲನ್ನು ಅವಳು ತಾನೇ ಹೊಡೆದುಹಾಕಿದಳು. ಈ ಮನುಷ್ಯ ಹೇಳಿದ್ದೇ ಸರಿಯಾಯಿತಲ್ಲ ಎಂದು ಮೈ ಉರಿಯಿತು.

ಡ್ರಾಯರನ್ನು ಮೆಲ್ಲಗೆ ಮುಚ್ಚುವಾಗ ಕಂಡಿತು: ಗೂಡಿನ ಚೂರುಗಳಲ್ಲೆಲ್ಲ ಅವಳದೇ ಕೈಬರಹ. ಪುಸ್ತಕ ಅಚ್ಚಾದರೆ ಕರಡು ರದ್ದಿಗೆ ಹೋಗುವ ಕಚೇರಿ ಅದು. ಇಲ್ಲಿ ಹಿಂದಿನ ಪುಸ್ತಕಗಳದ್ದೂ ಸೇರಿ ಅವಳ ಎರಡು ವರ್ಷದ ಹಾಳೆಗಳಿದ್ದವು.

"ಇವನ್ನೆಲ್ಲ ಯಾಕೆ ಇಟ್ಕೊಂಡಿದ್ದೀರಿ?"

"ನಿಮ್ಮ ಅಕ್ಷರ ಎಸೆಯೋಕೆ ಮನಸ್ಸು ಬರ್ಲಿಲ್ಲ." ಅವನು ಪೆನ್ಸಿಲ್ ಕೆಳಗಿಟ್ಟ. "ನಾನು ಕೇಳಿದ ಪ್ರಶ್ನೆ ನಿಜವೇ. ಆದ್ರೆ ಮೂರನೇ ಸಲದಿಂದ, ಬೈಯೋಕಾದ್ರೂ ನೀವು ಬರ್ಲಿ ಅಂತಾನೂ ಇತ್ತು."

ಐದಕ್ಕೆ ಹತ್ತು ನಿಮಿಷವಿತ್ತು. ಅವಳು ಹಾಳೆಯನ್ನು ಅವನ ಕೈಗೆ ತುರುಕಿದಳು.

"ಮೊದ್ಲು ಇದನ್ನ ಕೊಟ್ಟು ಬನ್ನಿ. ಬೈಯೋದು ತುಂಬಾ ಇದೆ. ಈ ಜನ್ಮ ಸಾಕಾಗುತ್ತೋ ಇಲ್ವೋ."

ಅವನು ಓಡಿದ. ಅವಳು ಕೈಚೀಲದಿಂದ ನಿಘಂಟಿನಿಂದ ಬರೆದುಕೊಂಡ ಪದಗಳ ಟಿಪ್ಪಣಿಗಳನ್ನು ತೆಗೆದು, ಸಣ್ಣಗೆ ಹರಿದು, ಇಲಿಯ ಮನೆ ರಿಪೇರಿಗೆಂದು ಡ್ರಾಯರಿನ ಸಂದಿಯಲ್ಲಿ ತೂರಿಸಿದಳು.